ಮೂಲ ಕಲಾವಿದರ ಆಶಯದಂತೆ

೧೨ ಫೆಬ್ರವರಿ

ಹಳೆಯ ಕಂಪ್ಯೂಟರ್ ಆಟಗಳ ಮರುತಯಾರಿ ವಿಭಾಗದ ಮುಖ್ಯಸ್ಥರಿಗೆ,

ಇದೇ ತಿಂಗಳ ಒಂಬತ್ತನೇ ತಾರೀಕು ಬೆಳಗ್ಗೆ ಹನ್ನೊಂದು ಗಂಟೆಗೆ ನೀವು ಬಿಟ್ಟ ಜಾಹೀರಾತಿನಲ್ಲಿ ನನ್ನ ಅಣ್ಣನ ಗೂಬೆಗೆ ಕಂದು ಬಣ್ಣ ಬಳಿದಿರಿ. ಮೂವತ್ತಾರು ವರ್ಷ ಹಸಿರಾಗಿಯೇ ಬಾಳಿದ ಗೂಬೆ ಅದು. ಅದರ ನೇರಳೆ ಆಕಾಶವನ್ನು ನೀಲಿ ಮಾಡಿದಿರಿ. ಇಟ್ಟಿಗೆ ಬಣ್ಣದ ಹುಲ್ಲನ್ನು ಹಸಿರು ಮಾಡಿದಿರಿ. ಆಟದ ಕಚೇರಿಯ ನೆಲದಲ್ಲಿ ಗಟ್ಟಿ ಕಲ್ಲು ಹಳದಿಯಾಗಿತ್ತು, ಕಾಲಿಟ್ಟರೆ ಕುಸಿಯುವ ಕಲ್ಲು ಕಡುನೀಲಿಯಾಗಿತ್ತು. ಈಗ ಒಂದು ಹಸಿರು, ಇನ್ನೊಂದು ಕೆಂಪು. ಇಷ್ಟೆಲ್ಲ ಮಾಡಿ, ಜಾಹೀರಾತಿನ ಕೊನೆಯಲ್ಲಿ 'ಮೂಲ ಕಲಾವಿದರ ಆಶಯದಂತೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿದಿರಿ.

ಆ ಕಲಾವಿದ ಸತ್ತಿಲ್ಲ. ಅವನಿಗೆ ಎಪ್ಪತ್ತೊಂದು. ತಾಂತ್ರಿಕ ಶಾಲೆಯೊಂದರಲ್ಲಿ ರೇಖಾಚಿತ್ರ ಕಲಿಸಿ ನಿವೃತ್ತನಾಗಿ, ಇಲ್ಲಿಂದ ಆರು ಗಂಟೆ ದಾರಿಯ ಊರಿನಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾನೆ. ಅವನ ಆಶಯ ಇಂಥದು ಎಂದು ನಿಮಗೆ ಹೇಳಿದವರು ಯಾರು?

'ಗೂಬೆ ಗುಮಾಸ್ತ' ಆಟದ ಮೂರು ಭಾಗಗಳೂ ನನಗೆ ಬಾಯಿಪಾಠ. ಹಗಲು ಪಾಳಿಗೆ ಹಾಕಿಸಿಕೊಂಡ ಒಂದು ಗೂಬೆ, ಕಚೇರಿ ತುಂಬ ಕಳೆದುಹೋದ ಕಡತಗಳು. ಆಡುವವರು ಅದನ್ನು ಎಬ್ಬಿಸುತ್ತ, ಕಲ್ಲಿಂದ ಕಲ್ಲಿಗೆ ನಡೆಸುತ್ತ, ಕಡತ ಹುಡುಕಿಸಬೇಕು. ತಪ್ಪು ಕಲ್ಲು ತುಳಿದರೆ ನೆಲಮಾಳಿಗೆಗೆ ಬಿದ್ದು ಮತ್ತೆ ಮೊದಲಿನಿಂದ. ಎರಡನೇ ಭಾಗದಲ್ಲಿ ಅದಕ್ಕೆ ವರ್ಗಾವಣೆ. ಮೂರನೆಯದರಲ್ಲಿ ಅಮಾನತು, ವಿಚಾರಣಾಧಿಕಾರಿಯಾಗಿ ಒಂದು ಹಲ್ಲಿ. ಇಂದಿನ ಆಟಗಾರರು ಕಾಯುವುದಿಲ್ಲವೆಂದು ಗೂಬೆಯ ಆಕಳಿಕೆಯನ್ನು ನೀವು ಕತ್ತರಿಸಿದಿರಂತೆ. ಅದನ್ನು ಸಹಿಸಿಕೊಂಡೇನು, ಬಣ್ಣವನ್ನಲ್ಲ.

ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಆಧಾರವಿಲ್ಲದ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವಳಲ್ಲ. ನಿಮ್ಮ ಆ ಸಾಲಿಗೆ ಆಧಾರವೇನು, ತಿಳಿಸಿ.

ಇತಿ,
ಕಲಾವಿದನ ತಂಗಿ


೨೭ ಫೆಬ್ರವರಿ

ಮೇಡಂ, ನಮಸ್ಕಾರ.

ನಿಮ್ಮ ಪತ್ರ ಮುಖ್ಯಸ್ಥರ ಮೇಜಿನಿಂದ ನನ್ನ ಮೇಜಿಗೆ ಬಂತು. ಹೋದ ವರ್ಷ ನಿಮ್ಮ ಮನೆಗೆ ಬಂದು, ಅಟ್ಟದ ಮೇಲಿದ್ದ ಗ್ರಾಫ್ ಹಾಳೆಗಳ ಪೆಟ್ಟಿಗೆಯನ್ನು ಪಡೆದುಕೊಂಡು ಹೋದ ಚಿತ್ರಗಾರ್ತಿ ನಾನೇ. ನೀವೇ ಏಣಿ ಹತ್ತಿ ಇಳಿಸಿಕೊಟ್ಟಿರಿ, ನನ್ನನ್ನು ಹತ್ತಲು ಬಿಡಲಿಲ್ಲ.

ಹಸಿರು ಗೂಬೆ ಹೋದದ್ದಕ್ಕೆ ಮೊದಲು ಜಗಳ ತೆಗೆದವಳೂ ನಾನೇ ಎಂದರೆ ನಂಬಿ. ನಮ್ಮ ಮನೆಯಲ್ಲಿ ಅದು ನನ್ನ ತಮ್ಮನ ಆಟ. ಬೇರೆ ಯಾವ ಆಟದಲ್ಲೂ ನನಗೆ ಸೋಲುತ್ತಿದ್ದವನು ಅದೊಂದರಲ್ಲಿ ಮಾತ್ರ ನನಗೆ ಮಣ್ಣು ಮುಕ್ಕಿಸುತ್ತಿದ್ದ. ಈ ಕೆಲಸಕ್ಕೆ ನಾನು ಸೇರಿದ್ದೇ ಆ ಗೂಬೆಗಾಗಿ.

ಆದರೆ ಆ ಹಾಳೆಗಳ ಎದುರು ನನ್ನ ವಾದ ನಿಲ್ಲಲಿಲ್ಲ. ಚಿತ್ರಗಳಿಗೆ ಬಣ್ಣ ತುಂಬಿಲ್ಲ, ಬರೀ ಪೆನ್ಸಿಲಿನ ಗೆರೆ. ಬಣ್ಣ ಯಾವುದೆಂದು ಹೇಳುವುದು ಅಂಚಿನ ಶಾಯಿಯ ಅಕ್ಷರ ಮಾತ್ರ. ಮೊದಲ ಹಾಳೆಯ ನಕಲನ್ನು ಜೊತೆಗಿಟ್ಟಿದ್ದೇನೆ. ಅಂಚಿನಲ್ಲಿ ನೋಡಿ: 'ಗೂಬೆ ಕಂದು. ಆಕಾಶ ನೀಲಿ. ಹುಲ್ಲು ಹಸಿರು. ಗಟ್ಟಿ ಕಲ್ಲು ಹಸಿರು, ಕುಸಿಯುವ ಕಲ್ಲು ಕೆಂಪು. ಈ ಯಂತ್ರದಲ್ಲಿ ಈ ಬಣ್ಣಗಳು ಸರಿಯಾಗಿ ಬರುತ್ತಿಲ್ಲ.' ಎಲ್ಲ ಹಾಳೆಗಳಲ್ಲೂ ಹೀಗೇ ಇದೆ.

ಮುಖ್ಯಸ್ಥರು ಇದನ್ನು ಸಭೆಯಲ್ಲಿ ಎಲ್ಲರಿಗೂ ತೋರಿಸಿದರು. "ಪಾಪ, ಆ ಮನುಷ್ಯ ಕೇಳಿದ್ದು ಒಂದು, ಯಂತ್ರ ಕೊಟ್ಟಿದ್ದು ಇನ್ನೊಂದು. ಈಗಿನ ಯಂತ್ರಕ್ಕೆ ಬರದ ಬಣ್ಣ ಯಾವುದಿದೆ? ಅವರು ಕೇಳಿದ್ದನ್ನ ಈಗಲಾದರೂ ಕೊಡೋಣ" ಅಂದರು. ಕೆಲವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಸುಳ್ಳು ಹೇಳುವುದಿಲ್ಲ.

ಈ ಅಕ್ಷರ ನಿಮ್ಮ ಅಣ್ಣನವರದು ಅಲ್ಲವೇ?

ಗೌರವದಿಂದ,
ಮರುತಯಾರಿ ತಂಡದ ಚಿತ್ರಗಾರ್ತಿ


೪ ಮಾರ್ಚ್

ಅಣ್ಣ,

ಜೊತೆಗಿರುವ ನಕಲನ್ನು ನೋಡು. ಅಕ್ಷರದ ಗುರುತು ಹತ್ತಿತೇ? ನನಗೆ ಮೊದಲ ನೋಟಕ್ಕೇ ಹತ್ತಿತು. ಬೇರೆಯವರ ಬರಹದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ನಿದ್ದೆ ಬಾರದವಳು, ನನ್ನದೇ ಬರಹವನ್ನು ಓದದೆ ಪೆಟ್ಟಿಗೆ ಸಮೇತ ಎತ್ತಿ ಕೊಟ್ಟಿದ್ದೇನೆ.

ಆ ದಿನದ ವಿಷಯ ಬಂದಾಗಲೆಲ್ಲ ನೀನು ಮರೆತವನ ಹಾಗೆ ಕಿಟಕಿ ನೋಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಆ ಕೆಲಸಕ್ಕೆ ಸೇರಿ ಏಳು ವಾರವಾಗಿತ್ತು. ನಿನಗೆ ಊಟದ ಡಬ್ಬಿ ಕೊಡಲು ಬಂದವಳು ನಾನು ಬಾಗಿಲಲ್ಲಿ ನಿಂತಿದ್ದೆ. ಯಜಮಾನರು ಪರದೆಯ ಮುಂದೆ ಬಗ್ಗಿ, "ಯಾವ ಗೂಬೆ ಬರೆದದ್ದಯ್ಯಾ ಈ ಗೂಬೇನ? ಪಾಚಿ ಕಟ್ಟಿದ ಹಾಗಿದೆ!" ಅಂದರು. ನಿನ್ನ ಮುಖ ಇಳಿದುಹೋಯಿತು. ಅದು ಕಂದು ಅಂತಲೇ ನೀನು ತಿಳಿದಿದ್ದೆ. ಅವರು ಮುಂದುವರಿಸಿದರು: "ಕಲ್ಲು ಕೆಂಪು, ಹಸಿರು ಇರಲಿ ಅಂತ ಬರೆದು ಕೊಟ್ಟಿರಲಿಲ್ವಾ? ಇದೇನು ಹಳದಿ, ನೀಲಿ?"

ಕೆಂಪೂ ಹಸಿರೂ ನಿನ್ನ ಕಣ್ಣಿಗೆ ಒಂದೇ ಎಂದು ನೀನು ಹೇಗೆ ಹೇಳುತ್ತೀಯ? ನಿನ್ನ ಕಣ್ಣು ನಂಬಬಲ್ಲ ಎರಡೇ ಬಣ್ಣ ಆರಿಸಿ ಹಾಕಿದ್ದೆ. ಆಗ ನಾನು ಬಾಗಿಲಿಂದಲೇ ಅಂದೆ: "ಸಾರ್, ಇವನು ಹಾಳೆಯಲ್ಲಿ ಸರಿಯಾಗೇ ಬರೆದಿದಾನೆ. ಯಂತ್ರದಲ್ಲಿ ಬರ್ತಿಲ್ಲ. ಹಾಳೆ ಮನೇಲಿದೆ, ನಾಳೆ ತರ್ತಾನೆ." ಆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೊಂದೇ ಹಾಳೆಯ ಅಂಚಿನಲ್ಲಿ ಬರೆದೆ. ಮರುದಿನ ಅವರು ನೋಡಿ, "ಹಾಗಾದ್ರೆ ಸರಿ, ಯಂತ್ರಕ್ಕೆ ಬೈಯೋಕಾಗುತ್ತಾ?" ಅಂದರು. ಬದಲಿಸಲು ಸಮಯವಿರಲಿಲ್ಲ. ಹಾಗೇ ಮಾರಾಟಕ್ಕೆ ಹೋಯಿತು. ಪತ್ರಿಕೆಯೊಂದು 'ಹಸಿರು ಗೂಬೆಯ ದಿಟ್ಟತನ' ಎಂದು ಬರೆದಾಗಲೇ ಅದು ಹಸಿರು ಎಂದು ನಿನಗೆ ಗೊತ್ತಾದದ್ದು. "ಓಹೋ, ಹಸಿರಾ? ಇರಲಿ ಬಿಡು, ಒಪ್ಪುತ್ತೆ" ಅಂದಿದ್ದೆ.

ನಿನ್ನನ್ನು ಉಳಿಸಲು ಬರೆದ ಸುಳ್ಳು ಈಗ ನಿನ್ನ ಕೆಲಸವನ್ನೇ ನುಂಗುತ್ತಿದೆ. ಮೇ ತಿಂಗಳಲ್ಲಿ ಆಟ ಬಿಡುಗಡೆ. ನಿಜ ಹೇಳಿದರೆ ಇನ್ನೂ ತಿದ್ದಬಹುದು. ನಿನ್ನ ಒಪ್ಪಿಗೆ ಬೇಕು.

ನಿನ್ನ ತಂಗಿ


೧೫ ಮಾರ್ಚ್

ತಂಗೀ,

ನಾಲ್ಕು ಪುಟ ಬರೆದಿದೀಯ. ಕರಡು ತಿದ್ದೋರಿಗೆ ಕತ್ತರಿಸೋದು ಬರಬೇಕು ಅಂತ ನೀನೇ ಹೇಳ್ತಿದ್ದೆ.

ಬೇಡ. ಇದೇ ನನ್ನ ಉತ್ತರ. ಮುಂದಿನದು ಬರೀ ಹರಟೆ, ಓದದಿದ್ದರೂ ನಡೆಯುತ್ತೆ.

ಬಣ್ಣದಂಗಡಿಯಲ್ಲಿ ಕೆಲಸಕ್ಕಿದ್ದೆನಲ್ಲ, ಹತ್ತೊಂಬತ್ತನೇ ವಯಸ್ಸಿನಲ್ಲಿ? ಡಬ್ಬಿ ಅದಲುಬದಲು ಮಾಡಿದೆ ಅಂತ ಮಾಲೀಕ ನನ್ನನ್ನ ಬೀದಿಗೆ ಕರೆದು ನಿಲ್ಲಿಸಿದ. ಎರಡು ಡಬ್ಬಿ ಎತ್ತಿ ಹಿಡಿದು, "ಯಾವುದು ಕೆಂಪು ಹೇಳಪ್ಪ ರಾಜ" ಅಂದ. ಜನ ಸೇರಿದರು. ತಪ್ಪು ಹೇಳಿದೆ. ನಕ್ಕರು. ಮತ್ತೆ ಕೇಳಿದ. ಸರಿ ಹೇಳಿದೆ, ಅದಕ್ಕೆ ಇನ್ನೂ ಜಾಸ್ತಿ ನಕ್ಕರು. ಅದಾದ ಮೇಲೆ ಯಾರಿಗೆ ಹೇಳಿದರೂ ಮೊದಲು ಮಾಡೋದು ಅದೇ. "ಹೌದಾ? ಹಾಗಾದ್ರೆ ನನ್ನ ಅಂಗಿ ಯಾವ ಬಣ್ಣ?" ಡಾಕ್ಟರೂ ಕೇಳಿದ್ದ. ಮದುವೆಗೆ ನೋಡೋಕೆ ಹೋದ ಮನೆಯಲ್ಲೂ ಕೇಳಿದ್ದರು. ನಲವತ್ತು ವರ್ಷದಿಂದ ನಾನು ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ. ಸುಖವಾಗಿದೀನಿ.

ಗೂಬೆ ಕಂದಾದರೆ ಆಗಲಿ. ನನಗೆ ಹೇಗೂ ಎರಡೂ ಒಂದೇ ತಾನೆ?

ಇನ್ನೊಂದು. ಬಿಡುಗಡೆಗೆ ಬನ್ನಿ ಅಂತ ಕರೆದಿದಾರೆ. ಹೊಸ ಅಂಗಿ ಹೊಲಿಸ್ತಿದೀನಿ. ಬಿಳಿ ತಗೊಂಡೆ, ತಪ್ಪಾಗೋ ಭಯ ಇಲ್ಲ.

ನಿನ್ನ ಅಣ್ಣ


೨ ಏಪ್ರಿಲ್

ಚಿತ್ರಗಾರ್ತಿಗೆ,

ಹಾಳೆಯ ಅಂಚಿನ ಅಕ್ಷರ ನನ್ನದು. ಅಣ್ಣ ಹೇಳಿದಂತೆ ಬರೆದುಕೊಂಡದ್ದು. ಹಿಂದಿನ ನನ್ನ ಪತ್ರವನ್ನು ಕೈಬಿಡಿ. ನನ್ನ ಕಡೆಯಿಂದ ಆಕ್ಷೇಪವಿಲ್ಲ.

ಕಲಾವಿದನ ತಂಗಿ


೨೦ ಮೇ

ಮೇಡಂ,

ಹದಿನೇಳರ ಬಿಡುಗಡೆಗೆ ನೀವು ಬರಲಿಲ್ಲ. ಬಂದಿದ್ದರೆ ಈ ಪತ್ರ ಬೇಕಿರಲಿಲ್ಲ.

ಸಭಾಂಗಣದಲ್ಲಿ ಮುನ್ನೂರು ಜನ. ನಿಮ್ಮ ಅಣ್ಣ ಬಿಳಿ ಅಂಗಿ ಹಾಕಿಕೊಂಡು ಬಂದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು, "ಸಾರ್, ಮೊದಲ ಕೋಣೆ ನೀವೇ ಆಡಿ ಉದ್ಘಾಟನೆ ಮಾಡಬೇಕು" ಎಂದು ಅವರ ಕೈಗೆ ಆಟದ ಹಿಡಿಕೆ ಕೊಟ್ಟರು. ಹಿಂದೆ ಗೋಡೆಯಷ್ಟು ದೊಡ್ಡ ಪರದೆ.

ಮೊದಲ ಹೆಜ್ಜೆಗೇ ಬಿದ್ದರು. ಜನ ಪ್ರೀತಿಯಿಂದ ನಕ್ಕರು. ಎರಡನೆಯ ಸಲ, ಮೂರನೆಯ ಸಲ. ಯಾರೋ ಕೂಗಿದರು: "ಹಸಿರು ತುಳೀರಿ ಸಾರ್, ಹಸಿರು!" ನಿಮ್ಮ ಅಣ್ಣ ಪರದೆಯ ಹತ್ತಿರ ಹೋಗಿ ಕಲ್ಲುಗಳನ್ನು ದಿಟ್ಟಿಸಿದರು. ಮತ್ತೆ ಬಂದು ಕೂತು ಮತ್ತೆ ಬಿದ್ದರು. ಹನ್ನೊಂದು ಸಲ. ಕೊನೆಕೊನೆಗೆ ಯಾರೂ ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. ಅವರು ಹಿಡಿಕೆ ಕೆಳಗಿಟ್ಟು, "ಕೈ ನಡುಗುತ್ತೆ, ವಯಸ್ಸಾಯ್ತಲ್ಲ" ಅಂದರು.

ಅವರ ಕೈ ನಡುಗುತ್ತಿರಲಿಲ್ಲ ಮೇಡಂ. ನಾನು ಪಕ್ಕದಲ್ಲೇ ಇದ್ದೆ.

ಮನೆಗೆ ಬಂದು ನನ್ನ ತಮ್ಮನಿಗೆ ಹೊಸ ಆಟ ಕೊಟ್ಟೆ. ಅವನೂ ಮೊದಲ ಹೆಜ್ಜೆಗೇ ಬಿದ್ದ. "ಅಕ್ಕಾ, ಇದರಲ್ಲಿ ಎರಡು ಥರದ ಕಲ್ಲು ಎಲ್ಲಿದೆ? ಎಲ್ಲ ಒಂದೇ ಅಲ್ವಾ?" ಅಂದ. ಅವನಿಗೆ ಕೆಂಪು, ಹಸಿರು ಗೊತ್ತಾಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಹಳೆಯ ತಮಾಷೆ. ಅವನು ಆ ಒಂದೇ ಆಟದಲ್ಲಿ ನನ್ನನ್ನು ಯಾಕೆ ಗೆಲ್ಲುತ್ತಿದ್ದ ಎಂದು ನನಗೆ ಹೊಳೆದದ್ದು ಈಗ.

ನಿಮ್ಮ ಅಣ್ಣನವರ ಕಣ್ಣೂ ಹಾಗೆಯೇ ಅಲ್ಲವೇ? ನೀವು ಅಥವಾ ಅವರು ಒಂದು ಸಾಲು ಬರೆದುಕೊಟ್ಟರೆ ಸಾಕು, ಹಳೆಯ ಬಣ್ಣಗಳನ್ನು ಮತ್ತೆ ಹಾಕಿಸಲು ಮುಖ್ಯಸ್ಥರ ಎದುರು ನಿಲ್ಲುತ್ತೇನೆ. ಹಳೆಯ ಆಟವನ್ನು ಅಂಗಡಿಗಳಿಂದ ವಾಪಸು ತರಿಸಿದ್ದಾರೆ. ಅಂಥ ಕಣ್ಣಿನವರಿಗೆ ಈಗ ಅದೂ ಇಲ್ಲ, ಇದೂ ಇಲ್ಲ.

ನಿಮ್ಮ,
ಚಿತ್ರಗಾರ್ತಿ


೧ ಜೂನ್

ತಂಗೀ,

ಫೋನಿನಲ್ಲಿ ನೀನು ಅತ್ತರೆ ನನಗೆ ಕೇಳೋಕಾಗಲ್ಲ, ಅದಕ್ಕೇ ಇಟ್ಟುಬಿಟ್ಟೆ. ತಪ್ಪು ತಿಳೀಬೇಡ.

ಆ ಹುಡುಗಿ ಒಳ್ಳೆಯವಳು. ಅವತ್ತು ನನಗೆ ನೀರು ತಂದುಕೊಟ್ಟು, ಏನೂ ಕೇಳದೆ ಪಕ್ಕದಲ್ಲಿ ಕೂತಳು. ನೀನು ಕಳಿಸಿದ ಅವಳ ಪತ್ರದಲ್ಲಿ ಅವಳ ತಮ್ಮನ ವಿಷಯ ಎರಡು ಸಲ ಓದಿದೆ. ಅಂಥವರು ಎಷ್ಟು ಜನ ಇದಾರೋ. ಆಗೆಲ್ಲ ಕಾಗದ ಬರ್ತಿತ್ತು ನೆನಪಿದೆಯಾ, 'ನನಗೆ ಆಡೋಕೆ ಬಂದ ಮೊದಲ ಆಟ' ಅಂತ? ಯಾಕೆ ಅಂತ ಯಾರೂ ಬರೀತಿರಲಿಲ್ಲ. ನಾನು ಮಾತ್ರ ಓದಿಕೊಂಡು ಒಳಗೊಳಗೇ ನಗ್ತಿದ್ದೆ.

ಆದರೂ ಬೇಡ. ಹನ್ನೊಂದು ಸಲ ಬಿದ್ದದ್ದನ್ನ ಮುದುಕನ ಕೈ ನಡುಕ ಅಂತ ಜನ ಮರೀತಾರೆ. ಕಣ್ಣಿನ ವಿಷಯ ಗೊತ್ತಾದರೆ ಮರೆಯಲ್ಲ. ನಾನು ಬದುಕಿರೋತನಕ ಬೇಡ. ಆಮೇಲೆ ನಿನ್ನಿಷ್ಟ, ಗೋರಿ ಮೇಲೆ ಬೇಕಾದರೂ ಕೆತ್ತಿಸು.

ಆಣೆ ಹಾಕಿಸೋದು ನನಗೆ ಆಗಲ್ಲ. ನೀನು ನನ್ನ ಮಾತು ಮೀರಲ್ಲ ಅಂತ ನನಗೆ ಗೊತ್ತು.

ನಿನ್ನ ಅಣ್ಣ


೧೦ ಜೂನ್

ಚಿತ್ರಗಾರ್ತಿಗೆ,

ನನ್ನ ಅಣ್ಣನ ಕಣ್ಣಿಗೆ ಕೆಂಪು, ಹಸಿರುಗಳ ವ್ಯತ್ಯಾಸ ತಿಳಿಯುವುದಿಲ್ಲ, ಹುಟ್ಟಿದಾಗಿನಿಂದಲೂ ಹಾಗೆಯೇ. ಹಳೆಯ ಆಟದ ಬಣ್ಣಗಳೇ ಅವನು ಹಾಕಿದ ಬಣ್ಣಗಳು. ಹಾಳೆಯ ಅಂಚಿನಲ್ಲಿರುವುದು ನಾನು ಬರೆದ ಸುಳ್ಳು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ.

ಇದನ್ನು ಅವನಿಗೆ ತಿಳಿಸದೆ ಬರೆಯುತ್ತಿದ್ದೇನೆ. ಬಣ್ಣಗಳನ್ನು ಹಿಂದಿನಂತೆ ಮಾಡಿಸಲು ಮಾತ್ರ ಇದನ್ನು ಬಳಸಿ. ನಿಮ್ಮ ಮುಖ್ಯಸ್ಥರನ್ನು ಬಿಟ್ಟು ಇನ್ನೊಬ್ಬರ ಕೈಗೆ ಹೋಗಬಾರದು. ನಿಮ್ಮ ತಮ್ಮನ ಮುಖ ನೋಡಿ ಕೊಡುತ್ತಿದ್ದೇನೆ.

ಕಲಾವಿದನ ತಂಗಿ


೮ ಆಗಸ್ಟ್

ಮೇಡಂ,

ಎರಡು ತಿಂಗಳಿಂದ ನಿಮಗೆ ಬರೆಯಲು ಮುಖವಿರಲಿಲ್ಲ.

ನಿಮ್ಮ ಪತ್ರವನ್ನು ಮುಖ್ಯಸ್ಥರಿಗೆ ನಾನೇ ಕೊಟ್ಟೆ, ಬಾಗಿಲು ಹಾಕಿಕೊಂಡು. ಪೂರ್ತಿ ಓದಿದರು. "ಇದು ನಮ್ಮ ಮನಸ್ಸು ಕಲಕುತ್ತೆ" ಅಂದರು. ನಾನು ಗೆದ್ದೆ ಅಂದುಕೊಂಡೆ. "ಹಾಗಾದರೆ ಕಲ್ಲುಗಳ ಬಣ್ಣ ಬದಲಿಸೋಣವಾ?" ಅಂತ ಕೇಳಿದೆ. "ಅದು ಈ ವರ್ಷದ ಯೋಜನೆಯಲ್ಲಿಲ್ಲ. 'ಮೂಲ ಕಲಾವಿದರ ಆಶಯ' ಅಂತ ಹಾಕಿ ಮಾರಿದ್ದೀವಿ, ಈಗ ಅಲ್ಲ ಅಂದರೆ ಹೇಗೆ? ಆದರೆ ಈ ಕಥೆ ಬಿಡಬಾರದು" ಅಂದರು. ಪತ್ರ ಅವತ್ತೇ ಪ್ರಚಾರ ವಿಭಾಗಕ್ಕೆ ಹೋಯಿತು. ನಾನು ವಾಪಸು ಕೇಳಿದೆ. ಕೊಡಲಿಲ್ಲ.

ಮೊನ್ನೆ ಐದನೇ ತಾರೀಕು ಅವರು ಬಿಟ್ಟ ಮೂರು ನಿಮಿಷದ ಚಿತ್ರವನ್ನು ನೀವು ನೋಡಿರುತ್ತೀರಿ. 'ಬಣ್ಣ ಕಾಣದ ಕಣ್ಣು, ಬಣ್ಣದ ಕನಸು.' ಬಿಡುಗಡೆಯ ದಿನ ಅವರು ಬಿದ್ದ ಹನ್ನೊಂದು ಸಲವನ್ನೂ ನಿಧಾನಗತಿಯಲ್ಲಿ ಹಾಕಿ, ಹಿಂದೆ ಪಿಯಾನೋ ನುಡಿಸಿದ್ದಾರೆ. ಕೊನೆಯಲ್ಲಿ 'ಅವರು ಕಾಣದ ಬಣ್ಣಗಳನ್ನು ನಾವು ಅವರಿಗಾಗಿ ತಂದೆವು' ಎಂದಿದೆ. ಕಲ್ಲುಗಳು ಈಗಲೂ ಕೆಂಪು, ಹಸಿರೇ.

ನಾನು ರಾಜೀನಾಮೆ ಕೊಟ್ಟೆ. ಅದರಿಂದ ಏನೂ ಆಗಲಿಲ್ಲ, ತಂಡವನ್ನೇ ಮುಚ್ಚುತ್ತಿದ್ದರು. ಇನ್ನು ಈ ಆಟಕ್ಕೆ ಕೈ ಹಾಕುವವರು ಯಾರೂ ಇಲ್ಲ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಡಬೇಕಾಗುತ್ತದೆ.

ಚಿತ್ರಗಾರ್ತಿ


೧೯ ಆಗಸ್ಟ್

ಶ್ರೀಮತಿಯವರಿಗೆ,

ಚಿತ್ರ ಬಂದ ಮೇಲೆ ತಾವು ಬರೆದ ಮೂರೂ ಪತ್ರಗಳು ತಲುಪಿವೆ.

ಕೆಳಗಿನ ಗಡಿಯಾರದಂಗಡಿಯವರು ಮೊನ್ನೆ ಎರಡು ಕೈಗಡಿಯಾರದ ಪಟ್ಟಿ ಎತ್ತಿ ಹಿಡಿದು, "ಇದು ಯಾವ ಬಣ್ಣ ಹೇಳಿ ಸಾರ್" ಎಂದು ಕೇಳಿದರು. ಅವರು ಒಳ್ಳೆಯ ಮನುಷ್ಯರು, ಬೇಸರಪಡಿಸುವ ಉದ್ದೇಶ ಇರಲಿಲ್ಲ. ತರಕಾರಿಯವರು ಟೊಮೇಟೊ ಹಿಡಿದು ಕೇಳಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕುಟುಂಬ ಸಮೇತ ಬಂದು, ಮಕ್ಕಳಿಗೆ ತೋರಿಸಬೇಕೆಂದು ತಮ್ಮ ಅಂಗಿಯ ಬಣ್ಣ ಕೇಳಿದರು. ಹೇಳಿದೆ. ತಪ್ಪಿತ್ತಂತೆ.

ಈ ತಿಂಗಳ ಕೊನೆಗೆ ಈ ಕೋಣೆ ಬಿಡುತ್ತಿದ್ದೇನೆ. ಹೊಸ ವಿಳಾಸವನ್ನು ತಮಗೆ ತಿಳಿಸುವ ಅಗತ್ಯ ಕಾಣುವುದಿಲ್ಲ. ತಮ್ಮ ಆರೋಗ್ಯ ನೋಡಿಕೊಳ್ಳಿ.

ವಂದನೆಗಳೊಂದಿಗೆ,
ನಿವೃತ್ತ ರೇಖಾಚಿತ್ರ ಶಿಕ್ಷಕ


೩ ಸೆಪ್ಟೆಂಬರ್

ಸಂಪಾದಕರಿಗೆ, ವಾಚಕರ ಅಂಕಣದಲ್ಲಿ ಪ್ರಕಟಣೆಗಾಗಿ

ಮಾನ್ಯರೇ,

ಆಗಸ್ಟ್ ಐದರಿಂದ ಊರೆಲ್ಲ ನೋಡಿ ಕಣ್ಣೀರಿಟ್ಟ ಮೂರು ನಿಮಿಷದ ಚಿತ್ರದ ಕುರಿತು ಈ ಪತ್ರ. ಅದರಲ್ಲಿರುವ ಕಲಾವಿದನ ತಂಗಿ ನಾನು. ಆ ಚಿತ್ರಕ್ಕೆ ಅವನ ಒಪ್ಪಿಗೆ ಇರಲಿಲ್ಲ. ನನ್ನ ಒಪ್ಪಿಗೆಯೂ ಇರಲಿಲ್ಲ.

ಮೊದಲು ನನ್ನ ತಪ್ಪು. ಮೂವತ್ತಾರು ವರ್ಷಗಳ ಹಿಂದೆ ಅವನ ಹಾಳೆಗಳ ಅಂಚಿನಲ್ಲಿ ಸುಳ್ಳು ಬಣ್ಣಗಳನ್ನು ಬರೆದವಳು ನಾನು. ಈ ಜೂನ್ ಹತ್ತರಂದು, ಅವನು ಬೇಡವೆಂದ ಮೇಲೂ, ಅವನ ಕಣ್ಣಿನ ವಿಷಯವನ್ನು ಕಂಪನಿಗೆ ಬರೆದುಕೊಟ್ಟವಳೂ ನಾನೇ. ಮೊದಲನೆಯದನ್ನು ಅವನು ಉಳಿಯಲೆಂದು ಮಾಡಿದೆ, ಎರಡನೆಯದನ್ನು ಅವನ ಕೆಲಸ ಉಳಿಯಲೆಂದು ಮಾಡಿದೆ. ಎರಡೂ ಉಳಿಯಲಿಲ್ಲ. ಅವನು ಈಗ ಎಲ್ಲಿದ್ದಾನೆಂದು ನನಗೆ ತಿಳಿಯದು. ಇದಕ್ಕೆ ನಾನು ಬೇರೆ ಯಾರನ್ನೂ ದೂರುವುದಿಲ್ಲ.

ಕಂಪನಿ ಮಾಡಿದ್ದು ಬೇರೆ. ನನ್ನ ಪತ್ರ ಓದಿದ ದಿನದಿಂದ ಅವರಿಗೆ ಎಲ್ಲವೂ ಗೊತ್ತಿತ್ತು. ಈ ಬಣ್ಣಗಳು ಕಲಾವಿದನ ಆಶಯವಲ್ಲ ಎಂದು ಗೊತ್ತಿತ್ತು. ಅವನಂಥ ಕಣ್ಣಿನವರು ಸಲೀಸಾಗಿ ಆಡುತ್ತಿದ್ದ ಆಟವನ್ನು ಅಂಥವರಿಂದಲೇ ಕಿತ್ತುಕೊಂಡಿದ್ದೇವೆ ಎಂದೂ ಗೊತ್ತಿತ್ತು. ತಿದ್ದಬಹುದಿತ್ತು. ಅವರು ಚಿತ್ರ ತೆಗೆದರು. ಹಳೆಯ ಆಟ ಇಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹೊಸದರ ಮೇಲೆ 'ಮೂಲ ಕಲಾವಿದರ ಆಶಯದಂತೆ' ಎಂಬ ಸಾಲು ಇಂದಿಗೂ ಹಾಗೆಯೇ ಇದೆ.

ಅದಕ್ಕಾಗಿ ಕಂಪನಿಯ ಮುಖ್ಯಸ್ಥರನ್ನು ಎಲ್ಲರ ಎದುರು ಕೇಳುತ್ತಿದ್ದೇನೆ. ನೀವು ಕೊಂಡಾಡಿ ಚಿತ್ರ ತೆಗೆದ ಮನುಷ್ಯ, ನೀವು ಮಾರುತ್ತಿರುವ ಆಟದ ಮೊದಲ ಕೋಣೆಯನ್ನು ದಾಟಬಲ್ಲನೇ? ದಾಟಲಾರನೆಂದು ತಿಳಿದ ಮೇಲೂ ಅದನ್ನು ಅವನ ಆಶಯವೆಂದು ಮಾರಲು ಒಪ್ಪಿ ಸಹಿ ಹಾಕಿದವರು ಯಾರು? ಸನ್ಮಾನ ಬೇಡ, ನನಗೆ ಖಾಸಗಿ ಪತ್ರವೂ ಬೇಡ. ಇದೇ ಪತ್ರಿಕೆಯ ಇದೇ ಅಂಕಣದಲ್ಲಿ, ನಿಮ್ಮ ಹೆಸರು ಮತ್ತು ಹುದ್ದೆ ಹಾಕಿ ಉತ್ತರ ಕೊಡಿ.

ಇತಿ,
ನಿವೃತ್ತ ಕರಡು ತಿದ್ದುಗಾರ್ತಿ